ಖರೇ ವಾಕ್ಯಗಳು

ಬೆಂಗೇರಿ, ಹುಬ್ಬಳ್ಳಿ
೮ ಜುಲೈ ೨೦೨೪

ಪೂಜ್ಯ ಅಂಬಾಬಾಯಿ ಅಕ್ಕೋರಿಗೆ ಉಮಾಶ್ರೀಯ ಶರಣು.

ನನ್ನ ನೆನಪು ನಿಮಗೆ ಇರಲಿಕ್ಕಿಲ್ಲ. ಹೈಸ್ಕೂಲಿನಲ್ಲಿ ನಿಮ್ಮ ಇಂಗ್ಲಿಷ್ ಪಿರಿಯಡ್ ಬಂತೆಂದರೆ ಹೊಟ್ಟೆನೋವು ಎಂದು ಮನೆಗೆ ಓಡುತ್ತಿದ್ದ ಹುಡುಗಿ ನಾನು. ಆ ಹುಡುಗಿಗೇ ಈಗ ಎಂಟನೆಯ ತರಗತಿಗೆ ಇಂಗ್ಲಿಷ್ ಕಲಿಸುವ ಪಾಳಿ ಬಂದಿದೆ. ಇಲ್ಲಿಯ ಒಂದು ಖಾಸಗಿ ಶಾಲೆಯಲ್ಲಿ ಹತ್ತು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಇಂಗ್ಲಿಷ್ ಟೀಚರು ಮದುವೆಯಾಗಿ ಹೋದರು. ಹೆಡ್ಮಾಸ್ತರು ನನ್ನನ್ನು ಕರೆದು, "ನೀವ ತೊಗೋರಿ, ಎಂ.ಎ. ಆಗೈತೆಲ್ಲ" ಎಂದರು. ಅದು ಕನ್ನಡದ್ದು ಎಂದರೆ, "ಎಂ.ಎ. ಅಂದ್ರ ಎಂ.ಎ. ಬಿಡ್ರಿ" ಎಂದರು.

ಡಿಸೆಂಬರಿನಲ್ಲಿ ಆಡಳಿತ ಮಂಡಳಿಯವರು ಬಂದು ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ನೋಡುತ್ತಾರಂತೆ. ಯಾವ ಪಾಠ ಎನ್ನುವುದನ್ನು ಈಗಲೇ ಹೇಳಿಬಿಟ್ಟಿದ್ದಾರೆ: ಪರ್ಫೆಕ್ಟ್ ಟೆನ್ಸ್. ಅಕ್ಕೋರೆ, ಆ 'ಹ್ಯಾವ್', 'ಹ್ಯಾಸ್', 'ಹ್ಯಾಡ್' ಮೂರನ್ನೂ ಕಂಡರೆ ನನಗೆ ಇವತ್ತಿಗೂ ಹೊಟ್ಟೆ ನೋಯುತ್ತದೆ.

ಮೊನ್ನೆ ನಿಮಗೆ ಫೋನ್ ಮಾಡಿದ್ದೆ. "ಏನೂ ಕೇಳ್ಸೂದಿಲ್ಲವಾ, ಕಿವಿ ಹೋಗ್ಯಾವ, ಏನಿದ್ರೂ ಪತ್ರ ಬರಿ" ಎಂದು ಇಟ್ಟುಬಿಟ್ಟಿರಿ. ನಾನೇ ಬರಬಹುದಿತ್ತು. ಆದರೆ ಶಾಲೆ ಬಿಟ್ಟ ಮೇಲೆ ದುರ್ಗದಬೈಲಿನಲ್ಲಿ ನಮ್ಮವರ ಅಂಗಡಿಗೆ ಹೋಗಿ ಕೂಡಬೇಕು. ಕುಪ್ಪಸದ ಖಣ ಮಾರುವ ಅಂಗಡಿ, ಹೆಸರು 'ಶಿವಯೋಗೀಶ ಖಣ ಭಂಡಾರ'. ನಮ್ಮವರ ಹೆಸರು ಬಸವಕಿರಣ. ಹೀಗಾಗಿ ಪತ್ರದಲ್ಲೇ ಕಲಿಸುತ್ತೀರಾ?

ನಿಮ್ಮ ಹಳೆಯ ಹೊಟ್ಟೆನೋವಿನ ಹುಡುಗಿ,
ಉಮಾಶ್ರೀ


ಸಪ್ತಾಪುರ, ಧಾರವಾಡ
೧೫ ಜುಲೈ

ಚಿ. ಉಮಾಶ್ರೀಗೆ ಆಶೀರ್ವಾದ.

ನೆನಪು ಇಲ್ಲದೆ ಏನು? ನಿನಗೆ ಹೊಟ್ಟೆನೋವು ಬರುತ್ತಿದ್ದದ್ದು ಇಂಗ್ಲಿಷಿಗಷ್ಟೇ ಅಲ್ಲ, ಗಣಿತಕ್ಕೂ ಬರುತ್ತಿತ್ತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಮನುಷ್ಯರು ಚಿಗರಿ ಬಸ್ಸಿನಲ್ಲಿ ಚಹಾ ಆರುವುದರೊಳಗೆ ಬಂದು ಮುಟ್ಟುತ್ತಾರೆ, ನಿನ್ನ ಪತ್ರ ಮಾತ್ರ ಊರೆಲ್ಲ ತಿರುಗಿ ಮೂರು ದಿನಕ್ಕೆ ಬಂತು. ಇರಲಿ. ಮೇಲಿನ ರೂಮಿನ ಬಾಡಿಗೆ ಹುಡುಗಿಯರು ವಾಟ್ಸ್ಯಾಪ್ ಮಾಡ್ರಿ ಎನ್ನುತ್ತಾರೆ. ಕೆಂಪು ಶಾಯಿಯಿಂದ ತಿದ್ದಲಿಕ್ಕೆ ಬಾರದ ಕಾಗದ ಅದೆಂಥ ಕಾಗದ?

ಈಗ ಪಾಠ. ನಿನ್ನ ಮನೆಗೆ ಯಾರೋ ಬರುತ್ತಾರೆ. ಚಹಾ ಮಾಡಲೇನು ಎಂದು ಕೇಳುತ್ತೀ. "ಕುಡದ ಬಂದೇನ್ರಿ" ಎನ್ನುತ್ತಾರೆ. ಎಲ್ಲಿ ಕುಡಿದರು, ಎಷ್ಟು ಹೊತ್ತಿಗೆ ಕುಡಿದರು ಎಂದು ನೀನು ಕೇಳುವುದಿಲ್ಲ. ಈಗ ಬೇಡ ಎನ್ನುವುದಷ್ಟೇ ನಿನಗೆ ತಿಳಿಯಬೇಕು. ಅದೇ ಪ್ರೆಸೆಂಟ್ ಪರ್ಫೆಕ್ಟ್. ಕೆಲಸ ಹಿಂದೆ ಆಗಿದೆ, ಅದರ ಫಲ ಈಗ ನಿನ್ನ ಮುಂದಿದೆ. 'ಐ ಲಾಸ್ಟ್ ಮೈ ಕೀ' ಎಂದರೆ ಕೀಲಿಕೈ ಕಳೆದಿತ್ತು, ಆಮೇಲೆ ಸಿಕ್ಕಿರಲೂಬಹುದು. 'ಐ ಹ್ಯಾವ್ ಲಾಸ್ಟ್ ಮೈ ಕೀ' ಎಂದರೆ ನೀನು ಇನ್ನೂ ಬಾಗಿಲ ಹೊರಗೇ ನಿಂತಿದ್ದೀ. ನಿನ್ನೆ, ಮೊನ್ನೆ, ಹೋದ ವರ್ಷ ಎಂದು ಹೊತ್ತು ಹೇಳಿದೆಯೋ, ಅಲ್ಲಿ ಈ 'ಹ್ಯಾವ್' ನಿಲ್ಲುವುದಿಲ್ಲ.

ನನ್ನದೊಂದು ಪದ್ಧತಿ ನಿನಗೆ ಗೊತ್ತಿದೆಯೋ ಇಲ್ಲವೋ, ಹೊಟ್ಟೆನೋವಿನಲ್ಲಿ ತಪ್ಪಿಸಿಕೊಂಡಿರಬಹುದು. ನನ್ನ ಹತ್ತಿರ ಯಾರೂ ಸುಳ್ಳು ವಾಕ್ಯ ಬರೆಯುವ ಹಾಗಿಲ್ಲ. 'ರಾಮ ಮಾವಿನಹಣ್ಣು ತಿಂದಿದ್ದಾನೆ' ಎಂದು ಬರೆದರೆ ಸೊನ್ನೆ. ಯಾವ ರಾಮ? ಎಲ್ಲಿಯ ಹಣ್ಣು? ನಿನ್ನ ಮನೆಯದನ್ನು ಬರಿ, ನಿನ್ನದನ್ನು ಬರಿ, ಖರೇ ಇದ್ದದ್ದನ್ನೇ ಬರಿ. ಹಾಗೆ ಬರೆದ ಇಂಗ್ಲಿಷ್ ಸಾಯುವ ತನಕ ಮರೆಯುವುದಿಲ್ಲ. ಐದು ವಾಕ್ಯ ಬರೆದು ಕಳಿಸು.

ಕೆಂಪು ಶಾಯಿ ತುಂಬಿಸಿಕೊಂಡು ಕೂತಿರುವ,
ಅಂಬಾಬಾಯಿ


ಬೆಂಗೇರಿ
೨೩ ಜುಲೈ

ಅಕ್ಕೋರಿಗೆ ಶರಣು.

ಐದು ವಾಕ್ಯ ಬರೆಯಲು ಒಂದು ವಾರ ಹಿಡಿಯಿತು. ನಗಬೇಡಿ.

ವಿ ಹ್ಯಾವ್ ಬಾಟ್ ಎ ನ್ಯೂ ಮಿಕ್ಸರ್.
ಮೈ ಹಸ್ಬಂಡ್ ಹ್ಯಾಸ್ ಗಾನ್ ಟು ಗುಳೇದಗುಡ್ಡ. (ಖಣ ತರಲು ಹೋಗಿದ್ದಾರೆ, ಇನ್ನೂ ಬಂದಿಲ್ಲ. ಸರಿಯಾಯಿತಲ್ಲ?)
ದಿ ಟ್ಯಾಪ್ ವಾಟರ್ ಹ್ಯಾಸ್ ನಾಟ್ ಕಮ್. (ಇದು ಬಹಳ ಖರೇ.)
ಐ ಹ್ಯಾವ್ ಕರೆಕ್ಟೆಡ್ ಆಲ್ ದಿ ನೋಟ್‌ಬುಕ್ಸ್.
ಐ ಹ್ಯಾವ್ ಫೌಂಡ್ ಎ ಲಂಪ್ ಇನ್ ಮೈ ಬ್ರೆಸ್ಟ್. ಐ ಹ್ಯಾವ್ ನಾಟ್ ಟೋಲ್ಡ್ ಎನಿಬಡಿ.

ತಪ್ಪಿದ್ದರೆ ತಿದ್ದಿ.

ಉಮಾಶ್ರೀ


ಸಪ್ತಾಪುರ
೨೭ ಜುಲೈ

ಉಮಾ,

ಮೊದಲ ನಾಲ್ಕು ವಾಕ್ಯ ಸರಿ. ಐದನೆಯದೂ ಸರಿ, ತಿದ್ದುವುದೇನೂ ಇಲ್ಲ. ಎದೆಯಲ್ಲಿ ಗಂಟು ಸಿಕ್ಕಿದೆ, ಯಾರಿಗೂ ಹೇಳಿಲ್ಲ ಎಂದು ಬರೆದಿದ್ದೀ. ಮಿಕ್ಸರಿನ ಹಾಗೆ, ನಳದ ನೀರಿನ ಹಾಗೆ, ಅದೇ ಸಾಲಿನಲ್ಲಿ ಬರೆದಿದ್ದೀಯಲ್ಲವಾ!

ಯಾವಾಗ ಗೊತ್ತಾಯಿತು? ನೋಯುತ್ತದೆಯೇ? ಗಂಡನಿಗೆ ಯಾಕೆ ಹೇಳಿಲ್ಲ? ಎಷ್ಟೋ ಗಂಟು ಏನೂ ಆಗಿರುವುದಿಲ್ಲ ಎನ್ನುವುದು ನನಗೂ ಗೊತ್ತು, ಆದರೆ ಅದನ್ನು ಹೇಳಬೇಕಾದವರು ಡಾಕ್ಟರು, ನೀನೂ ಅಲ್ಲ, ನಾನೂ ಅಲ್ಲ. ಒಬ್ಬಳೇ ಹೋಗಲು ಅಂಜಿಕೆಯಾದರೆ ನನಗೆ ದಿನ ಹೇಳು, ನಾನು ಬರುತ್ತೇನೆ. ಪಾಠ ಆಮೇಲೆ.

ಅಂಬಾಬಾಯಿ


ಬೆಂಗೇರಿ
೧೦ ಆಗಸ್ಟ್

ಅಕ್ಕೋರಿಗೆ ಶರಣು.

ಉತ್ತರ ತಡವಾಯಿತು. ನಾಲ್ಕು ಸಲ ಬರೆದು ಹರಿದೆ.

ಜುಲೈ ಮೊದಲ ವಾರದಲ್ಲಿ, ಸ್ನಾನ ಮಾಡುವಾಗ ಕೈಗೆ ಸಿಕ್ಕಿತು. ನೋವಿಲ್ಲ. ನೋವು ಇದ್ದಿದ್ದರೆ ಒಳ್ಳೆಯದಿತ್ತು ಎನಿಸುತ್ತದೆ, ಯಾಕೆಂದರೆ ನಮ್ಮವ್ವನಿಗೂ ಇಂಥದ್ದೇ ಗಂಟಿತ್ತು, ಮೊದಲು ನೋವಿರಲಿಲ್ಲ. ನಾನು ಪಿಯುಸಿ ಎರಡನೆಯ ವರ್ಷದಲ್ಲಿದ್ದೆ. ಅವ್ವನನ್ನು ನೋಡಿಕೊಳ್ಳಲು ದವಾಖಾನೆಯಲ್ಲಿ ಇದ್ದವಳು ನಾನೇ. ಆ ವಾರ್ಡಿನ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಡಾಕ್ಟರ ಹತ್ತಿರ ಹೋಗುವವರೆಗೆ ಅವ್ವ ಚೆನ್ನಾಗಿಯೇ ಇದ್ದಳು, ಹೋದ ದಿನದಿಂದಲೇ ಕೆಟ್ಟಳು, ಮತ್ತೆ ಏಳಲಿಲ್ಲ. ಇದು ಹುಚ್ಚು ವಿಚಾರ ಎಂದು ನನಗೆ ಗೊತ್ತಿದೆ. ಗೊತ್ತಿದ್ದರೂ ಕಾಲು ಏಳುವುದಿಲ್ಲ.

ನಿಮಗೆ ಯಾಕೆ ಬರೆದೆ ಎಂದು ನನಗೇ ಆಶ್ಚರ್ಯ. ಖರೇ ವಾಕ್ಯ ಬೇಕು ಎಂದಿರಿ, ನಾಲ್ಕು ಸಿಕ್ಕವು, ಐದನೆಯದಕ್ಕೆ ಬೇರೆ ಯಾವುದೂ ಹೊಳೆಯಲಿಲ್ಲ. ತಲೆಯಲ್ಲಿ ಅದೊಂದೇ ಇತ್ತು. ಕನ್ನಡದಲ್ಲಿ ಬರೆಯಬೇಕಾಗಿದ್ದರೆ ಬರೆಯುತ್ತಲೇ ಇರಲಿಲ್ಲ. ಇಂಗ್ಲಿಷಿನಲ್ಲಿ ಅದು ಯಾರದೋ ಎದೆ, ಯಾರದೋ ಗಂಟು ಅನಿಸಿತು.

ಡಿಸೆಂಬರಿನ ಪಾಠ ಮುಗಿಯಲಿ ಅಕ್ಕೋರೆ. ಮುಗಿದ ಮರುದಿನವೇ ಹೋಗುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಅದರ ಬಗ್ಗೆ ಕೇಳಬೇಡಿ. 'ಸಿನ್ಸ್' ಮತ್ತು 'ಫಾರ್' ಎಲ್ಲಿ ಯಾವುದು ಬರುತ್ತದೆ ಹೇಳಿ.

ಉಮಾಶ್ರೀ


ಸಪ್ತಾಪುರ
೧೭ ಆಗಸ್ಟ್

ಉಮಾ,

ನಾನು ಪುಸ್ತಕದ ಭಾಷೆಯಲ್ಲಿ ಬರೆಯುವವಳು. ಸಿಟ್ಟು ಬಂದಾಗ ಮಾತ್ರ ಮನೆಯ ಭಾಷೆ ಬರುತ್ತದೆ. ಈಗ ಬಂದದ.

ಏನ್ ಹುಚ್ಚು ಹಿಡದದ ನಿನಗ? ಡಿಸೆಂಬರ ತನಕಾ ಅದು ನಿನ್ನ ಪಾಠ ಮುಗೀಲಿ ಅಂತ ಕಾಯ್ಕೋತ ಕೂಡ್ತದೇನು? ನಿಮ್ಮವ್ವ ಡಾಕ್ಟರ ಕಡೆ ಹೋಗಿದ್ದಕ್ಕ ಕೆಡಲಿಲ್ಲ, ತಡಾ ಮಾಡಿ ಹೋಗಿದ್ದಕ್ಕ ಕೆಟ್ಟಳು. ಎಂ.ಎ. ಮಾಡಿದಾಕಿಗೆ ಇದನ್ನ ನಾ ಹೇಳಬೇಕೇನು?

'ಸಿನ್ಸ್' ಬೇಕಲ್ಲವೇ? ತೆಗೆದುಕೋ. ಎಂದಿನಿಂದ ಎನ್ನುವುದಕ್ಕೆ 'ಸಿನ್ಸ್', ಎಷ್ಟು ಕಾಲ ಎನ್ನುವುದಕ್ಕೆ 'ಫಾರ್'. 'ಶಿ ಹ್ಯಾಸ್ ಹ್ಯಾಡ್ ಎ ಲಂಪ್ ಸಿನ್ಸ್ ಜುಲೈ.' ಜುಲೈಯಿಂದ ಇದೆ, ಇವತ್ತಿಗೂ ಇದೆ. ನಮ್ಮ ಮಂದಿ 'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್' ಎನ್ನುತ್ತಾರೆ. ಕನ್ನಡದಲ್ಲಿ 'ಮಾಡುತ್ತಿದ್ದೇನೆ' ಸಾಕು, ಇಂಗ್ಲಿಷಿಗೆ ಸಾಕಾಗುವುದಿಲ್ಲ. ಹಿಂದೆ ಶುರುವಾಗಿ ಇನ್ನೂ ಬಿಡದೆ ಹಿಡಿದದ್ದಕ್ಕೆ ಅವರು 'ಹ್ಯಾವ್ ಬೀನ್' ಹಚ್ಚುತ್ತಾರೆ.

ಇಲ್ಲಿಗೆ ಪಾಠ ಬಂದ್. 'ಡಾಕ್ಟರಿಗೆ ತೋರಿಸಿದ್ದೇನೆ' ಎಂಬ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸುವ ತನಕ ಮುಂದಿನ ಪಾಠ ನನ್ನಿಂದ ಬರುವುದಿಲ್ಲ. ಮಂಡಳಿಯವರ ಮುಂದೆ ಬಾಯಿ ಬಿಡುತ್ತ ನಿಲ್ಲು.

ಅಂಬಾಬಾಯಿ


ಬೆಂಗೇರಿ
೨ ಸೆಪ್ಟೆಂಬರ್

ಅಕ್ಕೋರಿಗೆ ಶರಣು.

ಐ ಹ್ಯಾವ್ ಶೋನ್ ಇಟ್ ಟು ಎ ಡಾಕ್ಟರ್. ಶಿ ಹ್ಯಾಸ್ ಎಕ್ಸಾಮಿನ್ಡ್ ಮಿ. ಶಿ ಹ್ಯಾಸ್ ಸೆಡ್ ದಟ್ ಇಟ್ ಈಸ್ ನಥಿಂಗ್.

ಮುಂದಿನ ಪಾಠ ಕಳಿಸಿ.

ಉಮಾಶ್ರೀ


ಸಪ್ತಾಪುರ
೬ ಸೆಪ್ಟೆಂಬರ್

ನನ್ನ ಬಂಗಾರದಂಥ ಉಮಾ,

ಡಾಕ್ಟರು ನೋಡಿದ್ದಾರೆ, ಏನೂ ಅಲ್ಲ ಎಂದಿದ್ದಾರೆ! ಅಂಚೆಯವ ಹೋಗುವ ಮೊದಲೇ ಕಟ್ಟೆಯ ಮೇಲೆ ನಿಂತು ಓದಿದೆ. ಮೂರಕ್ಕೆ ಮೂರೂ ವಾಕ್ಯ ಸರಿ. ಕೆಂಪು ಶಾಯಿಯಿಂದ ಇಷ್ಟು ದೊಡ್ಡ ಟಿಕ್ ಹಾಕಿದ್ದೇನೆ, ನೋಡು. ರಾಯರ ಮಠಕ್ಕೆ ಹೋಗಿ ಹರಕೆ ತೀರಿಸಿ ಬಂದೆ. ಎರಡು ವಾರದಿಂದ ಸರಿಯಾಗಿ ಉಂಡಿರಲಿಲ್ಲ, ಇವತ್ತು ಹೊಟ್ಟೆ ತುಂಬ ಉಂಡೆ. ಸಿಟ್ಟಿನಲ್ಲಿ ಏನೇನೋ ಬರೆದಿದ್ದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇದರ ಜೊತೆಗೆ ಮೆಂತ್ಯದ ಹಿಟ್ಟು ಕಳಿಸಿದ್ದೇನೆ. ಬಿಸಿ ಅನ್ನಕ್ಕೆ ಕಲಸಿಕೊಂಡು ತುಪ್ಪ ಹಾಕಿಕೊಂಡು ತಿನ್ನು. ಗಂಡನಿಗೂ ಕೊಡು.

ಈಗ 'ಹ್ಯಾಡ್'. ಎರಡು ಕೆಲಸ, ಎರಡೂ ಮುಗಿದುಹೋದವು. ಮೊದಲು ಆದದ್ದಕ್ಕೆ 'ಹ್ಯಾಡ್', ಆಮೇಲೆ ಆದದ್ದಕ್ಕೆ ಸಾದಾ ಭೂತಕಾಲ. 'ನಾನು ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತು.' ಬಸ್ಸಿಗೆ 'ಹ್ಯಾಡ್ ಗಾನ್'. ನಾವು ಕನ್ನಡದಲ್ಲಿ 'ನಿನ್ನೆ ಬಂದಿದ್ದೆ' ಎನ್ನುತ್ತೇವೆಂದು ಇಂಗ್ಲಿಷಿನಲ್ಲೂ 'ಐ ಹ್ಯಾಡ್ ಕಮ್ ಯೆಸ್ಟರ್ಡೆ' ಎಂದು ಬಿಡುತ್ತೇವೆ. ತಪ್ಪು. ಹಿಂದಿನದರ ಹಿಂದಿನದನ್ನು ಹೇಳುವಾಗ ಮಾತ್ರ ಅದನ್ನು ಹೊರಗೆ ತೆಗೆಯಬೇಕು.

ಹಗುರಾದ ಮನಸ್ಸಿನಿಂದ,
ಅಂಬಾಬಾಯಿ


ಬೆಂಗೇರಿ
೨೬ ಅಕ್ಟೋಬರ್

ಅಂಬಾಬಾಯಿಯವರಿಗೆ,

ನೀವು ನಿನ್ನೆ ದುರ್ಗದಬೈಲಿಗೆ ಖಣ ಕೊಳ್ಳಲು ಬಂದಿರಂತೆ. ಬೋರ್ಡು ಓದಿ ನಮ್ಮ ಅಂಗಡಿಯೆಂದು ಒಳಗೆ ಹೋದಿರಂತೆ. ಸಂತೋಷ. ಆಮೇಲೆ ನಮ್ಮವರ ಕೈ ಹಿಡಿದುಕೊಂಡು, "ಉಮಾನ ಗಂಡ ಏನಪಾ ನೀನು? ಎದಿಯೊಳಗಿನ ಗಂಟಿಗೆ ಡಾಕ್ಟರು ಏನೂ ಅಲ್ಲ ಅಂದ್ರಂತ, ರಾಯರು ಕಣ್ಣ ತೆರದ್ರು! ಆಕೀನ ಛಲೋ ನೋಡ್ಕೋ" ಎಂದಿರಂತೆ. ನಿಮಗೆ ಕಿವಿ ಕೇಳುವುದಿಲ್ಲ, ಅದಕ್ಕೆ ನೀವು ಒದರುತ್ತೀರಿ. ದೀಪಾವಳಿಯ ಗದ್ದಲದಲ್ಲೂ ಇಡೀ ಸಾಲಿಗೆ ಕೇಳಿತು. ಎದುರಿನ ಬಳೆ ಅಂಗಡಿಯ ನಾಹಿದಾ ಎದ್ದು ನಿಂತು ನೋಡಿದಳಂತೆ. ನನ್ನ ಎದೆಯನ್ನು ನೀವು ಬಜಾರಿನಲ್ಲಿ ಬಿಚ್ಚಿಟ್ಟಿರಿ.

ನಮ್ಮವರು ಅಂಗಡಿಯನ್ನು ಹಾಗೇ ಬಿಟ್ಟು ಶಾಲೆಗೆ ಬಂದರು. ಗೇಟಿನ ಹೊರಗೆ ಸ್ಕೂಟರ್ ಹಿಡಿದುಕೊಂಡು ನಿಂತಿದ್ದರು. ಮುಖ ಸುಣ್ಣದ ಹಾಗಾಗಿತ್ತು. "ಯಾವ ಗಂಟು? ಯಾವ ಡಾಕ್ಟರು? ಹೆಸರ ಹೇಳು" ಎಂದರು. "ಯಾರ ಕಡೆನೂ ಹೋಗಿಲ್ರಿ" ಎಂದೆ.

ಹೌದು, ಹೋಗಿಲ್ಲ. ಸೆಪ್ಟೆಂಬರಿನಲ್ಲಿ ಬರೆದದ್ದು ಸುಳ್ಳು. ನೀವು ಪಾಠ ನಿಲ್ಲಿಸಿದಿರಿ, ನಾನು ಬೇಕಾದ ವಾಕ್ಯ ಬರೆದು ಕೊಟ್ಟೆ. ಮಕ್ಕಳೂ ನನಗೆ ಹಾಗೇ ಬರೆದು ಕೊಡುತ್ತಾರೆ. ನೀವು ಅದನ್ನು ನಂಬಿ ಊರಿಗೆಲ್ಲ ಸಾರುತ್ತೀರಿ ಎಂದು ನನಗೇನು ಗೊತ್ತು?

ಇನ್ನು ಪತ್ರ ಬೇಡ. ಪಾಠವೂ ಬೇಡ.

ಉಮಾಶ್ರೀ


ಸಪ್ತಾಪುರ
೨೯ ಅಕ್ಟೋಬರ್

ಉಮಾ,

ಬ್ಯಾಡ ಅಂದ್ರೂ ಬರೀತೀನಿ. ಬೈ, ಇನ್ನೂ ಬೈ, ನಾ ಅದಕ್ಕ ಲಾಯಕ್ಕ ಇದ್ದೀನಿ. ಮಂದೀ ಮುಂದ ಹಂಗ ಅನ್ನಬಾರದಿತ್ತು. ಆದ್ರ ಅದಲ್ಲ ಈಗಿನ ಮಾತು. ಹೋಗಿಲ್ಲ ಅಂದಿಯಲ್ಲ, ಅದು ನನ್ನ ಎದಿ ಒಡೀತು. ನಲವತ್ತು ವರ್ಷ ಸಾಲಿ ಕಲಿಸೀನಿ, ಖರೇ ಬರಿ ಅಂದಲ್ಲೆ ಯಾವ ಹುಡುಗೀನೂ ನನಗ ಸುಳ್ಳು ಬರದು ಕೊಟ್ಟಿರಲಿಲ್ಲ ಅಂತ ತಿಳಕೊಂಡಿದ್ದೆ. ಅದಕ್ಕ ಹಿಂದ ಮುಂದ ನೋಡದ ನಂಬಿದೆ. ಆ ಸುಳ್ಳಿಗೆ ನಾ ಟಿಕ್ ಹಾಕಿದೆ, ಮ್ಯಾಲೆ ಹರಕಿ ಬ್ಯಾರೆ ತೀರಿಸಿದೆ. ಎರಡು ತಿಂಗಳು ಹೋತಲ್ಲವಾ, ಎರಡು ತಿಂಗಳು!

ಕೈ ಮುಗೀತೀನಿ, ನಿನ್ನ ಗಂಡನ ಸ್ಕೂಟರ್ ಹತ್ತು, ಇವತ್ತ ಹೋಗು.

ಅಂಬಾಬಾಯಿ


ದುರ್ಗದಬೈಲ್, ಹುಬ್ಬಳ್ಳಿ
೧೨ ನವೆಂಬರ್

ಪೂಜ್ಯ ಅಕ್ಕೋರಿಗೆ ಬಸವಕಿರಣನ ನಮಸ್ಕಾರಗಳು.

ನನಗೆ ಬಿಲ್ಲು ಬರೆದು ರೂಢಿ, ಪತ್ರ ಬರೆದು ರೂಢಿಯಿಲ್ಲ. ತಪ್ಪಿದ್ದರೆ ಕ್ಷಮಿಸಬೇಕು. ಅವತ್ತು ತಾವು ಅಂಗಡಿಯಲ್ಲಿ ಹಾಗೆ ಹೇಳಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ತಾವು ಒದರದೆ ಇದ್ದಿದ್ದರೆ ನನಗೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ.

ದೀಪಾವಳಿ ಮುಗಿದ ಕೂಡಲೇ ಕರೆದುಕೊಂಡು ಹೋದೆ. ಫೋಟೋ ತೆಗೆದರು, ಸೂಜಿ ಹಾಕಿ ಪರೀಕ್ಷೆಗೆ ಕಳಿಸಿದರು. ನಿನ್ನೆ ರಿಪೋರ್ಟ್ ಬಂತು. ಕೆಟ್ಟ ಗಂಟೇ ಅಂತ ಬಂದಿದೆ. ಕ್ಯಾನ್ಸರ್. ಆದಷ್ಟು ಲಗೂನ ಆಪರೇಶನ್ ಆಗಬೇಕು ಎಂದಿದ್ದಾರೆ.

ಈಕೆ ಒಪ್ಪುವುದಿಲ್ಲ. "ಡಿಸೆಂಬರದಾಗ ನನ್ನ ಪಾಠ ಐತಿ, ಅದು ಮುಗೀಲಿ" ಎನ್ನುತ್ತಾಳೆ. ನಾನು ಕೈ ಮುಗಿದೆ, ಸಿಟ್ಟು ಮಾಡಿದೆ, ಉಪಯೋಗ ಆಗಲಿಲ್ಲ. ಊಟ ಸರಿಯಾಗಿಲ್ಲ. ಶಾಲೆಯಿಂದ ಬಂದು ಇಂಗ್ಲಿಷ್ ಪುಸ್ತಕ ಹಿಡಿದು ಕೂಡುತ್ತಾಳೆ, ಹಾಳೆ ಮಗುಚುವುದಿಲ್ಲ. ತಮ್ಮ ಪತ್ರ ಬಿಚ್ಚದೆ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಹದಿನಾಲ್ಕು ವರ್ಷ ಸಂಸಾರ ಮಾಡಿದ್ದೇನೆ ಅಕ್ಕೋರೆ, ಅಂಗಡಿಗೆ ಬಂದ ಹೆಣ್ಣುಮಕ್ಕಳಿಗೆ ಯಾವ ಬಣ್ಣ ಬೇಕೆಂದು ಮುಖ ನೋಡಿ ಹೇಳುತ್ತೇನೆ, ನನ್ನ ಹೆಂಡತಿಯ ಮುಖ ನಾಲ್ಕು ತಿಂಗಳು ನೋಡಲಿಲ್ಲ.

ಆಕೆ ನನ್ನ ಮಾತು ಕೇಳುವುದಿಲ್ಲ. ತಾವು ಹೇಳಿದರೆ ಕೇಳಬಹುದು.

ತಮ್ಮನ್ನು ನಂಬಿದ,
ಬಸವಕಿರಣ


ಸಪ್ತಾಪುರ
೧೫ ನವೆಂಬರ್

ಉಮಾ,

ನನ್ನ ಪತ್ರ ನೀನು ಬಿಚ್ಚುವುದಿಲ್ಲವಂತೆ. ಇದನ್ನು ನಿನ್ನ ಗಂಡನ ಹೆಸರಿಗೆ ಕಳಿಸಿದ್ದೇನೆ. ನಿನ್ನ ಎದುರು ಕೂತು ಗಟ್ಟಿಯಾಗಿ ಓದಲಿ.

ಸುದ್ದಿ ತಿಳಿಯಿತು. ಏನೂ ಆಗುವುದಿಲ್ಲ ಎಂದು ನಾನು ಬರೆಯುವುದಿಲ್ಲ, ನನಗೆ ಗೊತ್ತಿಲ್ಲ. ನನಗೂ ಅಂಜಿಕೆಯಾಗಿದೆ.

ಒಂದು ಮಾತು ನಾನು ಹೇಳಲೇಬೇಕು. ಖರೇ ಬರಿ ಎಂದವಳೂ ನಾನೇ, ಇಂಥದ್ದೇ ಬರಿ, ಇಲ್ಲದಿದ್ದರೆ ಪಾಠವಿಲ್ಲ ಎಂದು ಕುತ್ತಿಗೆ ಹಿಡಿದವಳೂ ನಾನೇ. ಹಾಗೆ ಹಿಡಿದರೆ ಯಾವ ಹುಡುಗಿಯಾದರೂ ಸುಳ್ಳೇ ಬರೆಯುತ್ತಾಳೆ. ಅವತ್ತೇ ಬಸ್ಸು ಹತ್ತಿ ನಿನ್ನ ಮನೆಗೆ ಬರಬೇಕಾಗಿತ್ತು. ಬರಲಿಲ್ಲ, ಕಾಗದದ ಮೇಲೆ ಗುರುಗಿರಿ ಮಾಡಿದೆ.

ನಿನಗೆ ಆ ಪಾಠ ಮುಗಿಯಬೇಕು, ಅಷ್ಟೇ ಅಲ್ಲವೇ? ಅದಿಲ್ಲದೆ ನಿನ್ನ ಮನಸ್ಸು ಆಪರೇಶನ್ನಿಗೆ ಏಳುವುದಿಲ್ಲ. ಆಯಿತು, ಮುಗಿಸು. ಆದರೆ ಡಿಸೆಂಬರಿಗಲ್ಲ. ನಾಳೆ ಹೆಡ್ಮಾಸ್ತರ ಹತ್ತಿರ ಹೋಗಿ ಕಾರಣವನ್ನು ಬಾಯಿಬಿಟ್ಟು ಹೇಳು. ಮಂಡಳಿಯವರನ್ನು ಈ ವಾರವೇ ಕರೆಸಲಿ. ಅವರು ಬಾರದಿದ್ದರೆ ಮಕ್ಕಳಿಗೆ ಕಲಿಸು, ಪಾಠ ಇರುವುದು ಮಕ್ಕಳಿಗೆ. ಮುಗಿಸಿಕೊಂಡು ದವಾಖಾನೆಗೆ ನಡೆ.

ಬಸವಕಿರಣಪ್ಪಾ, ಇಷ್ಟು ಓದಿ ನಿಲ್ಲಿಸಬೇಡ, ಆಕೆ ಹೂಂ ಅನ್ನುವ ತನಕ ಮತ್ತೆ ಮೊದಲಿನಿಂದ ಓದು.

ಅಂಬಾಬಾಯಿ


ಬೆಂಗೇರಿ
೨೪ ನವೆಂಬರ್, ಭಾನುವಾರ

ಅಕ್ಕೋರೆ,

ಎರಡನೆಯ ಸಲ ಓದುವಾಗ ನಮ್ಮವರ ದನಿ ಬಿತ್ತು. ಮೂರನೆಯ ಸಲ ಓದಿಸಲು ನನಗೆ ಮನಸ್ಸಾಗಲಿಲ್ಲ. ಹೂಂ ಎಂದೆ.

ಮೊದಲು ಡಾಕ್ಟರ ಮಾತು. ನಮ್ಮವರು ಔಷಧ ತರಲು ಹೋದಾಗ ನಾನೇ ಕೇಳಿದೆ: ಜುಲೈಯಲ್ಲೇ ಬಂದಿದ್ದರೆ ಏನಾಗುತ್ತಿತ್ತು? ಡಾಕ್ಟರಮ್ಮ, "ಬಹುಶಃ ಸಣ್ಣದರಾಗ ಮುಗೀತಿತ್ತು. ಈಗ ಎದಿ ಪೂರ್ತಿ ತೆಗೀಬೇಕಾಗ್ತದ. ಆದ್ರ ಕೈ ಮೀರಿಲ್ಲ" ಎಂದರು. ಇದನ್ನು ಮುಚ್ಚಿಡಬೇಕೆಂದು ದವಾಖಾನೆಯ ಮೆಟ್ಟಿಲು ಇಳಿಯುವಾಗ ಮನಸ್ಸು ಮಾಡಿದ್ದೆ. ಮುಚ್ಚಿಟ್ಟು ಸಾಕಾಗಿದೆ. ಮನೆಗೆ ಬಂದು ಹೇಳಿದೆ. ನಮ್ಮವರು ಬೈಯಲಿಲ್ಲ. ಅಡುಗೆಮನೆಯಲ್ಲಿ ನನ್ನ ಎದುರಿಗೆ ನೆಲದ ಮೇಲೆ ಕೂತು, "ಒಂದ ಮನ್ಯಾಗ ಇದ್ದು ನಾ ಯಾಕ ಕೇಳಲಿಲ್ಲ?" ಎಂದು ಸಣ್ಣ ಹುಡುಗನ ಹಾಗೆ ಅತ್ತರು. ನಾನೂ ಅತ್ತೆ. ಜುಲೈಯಿಂದ ನಾನು ಅತ್ತಿರಲೇ ಇಲ್ಲ.

ಹೆಡ್ಮಾಸ್ತರು ಒಳ್ಳೆಯವರು, ಕಾರಣ ಕೇಳಿ ಕುರ್ಚಿಯಿಂದ ಎದ್ದುಬಿಟ್ಟರು. ಮೊನ್ನೆ ಶುಕ್ರವಾರ ಮಂಡಳಿಯವರು ಬಂದರು. ಪಾಠ ಆಯಿತು. ನಿಮ್ಮ ಚಹಾ ಹೇಳಿದೆ, ಕೀಲಿಕೈ ಹೇಳಿದೆ, ತಪ್ಪಿಹೋದ ಬಸ್ಸು ಹೇಳಿದೆ. ಆಮೇಲೆ ಮಕ್ಕಳಿಗೆ, ಸುಳ್ಳು ವಾಕ್ಯ ನಡೆಯುವುದಿಲ್ಲ, ನಿಮ್ಮ ಮನೆಯದನ್ನೇ ಹೇಳಿ ಎಂದೆ. ಒಬ್ಬ ಎದ್ದು 'ಐ ಹ್ಯಾವ್ ನಾಟ್ ಡನ್ ಮೈ ಹೋಂವರ್ಕ್' ಎಂದ. ಎಲ್ಲರೂ ನಕ್ಕರು, ಮಂಡಳಿಯವರೂ ನಕ್ಕರು. ಇನ್ನೊಬ್ಬ ಹುಡುಗ ಶಾಹಿದ, ತನ್ನ ಅಜ್ಜಿ ಇದುವರೆಗೆ ಸಮುದ್ರ ನೋಡಿಲ್ಲ ಎಂದ. ಲಾಲಬಿ ಎನ್ನುವ ಹುಡುಗಿ, ಅಪ್ಪ ರಮಜಾನಿನಿಂದ ಗೋವಾದಲ್ಲೇ ಇದ್ದಾನೆ ಎಂದು 'ಸಿನ್ಸ್' ಹಚ್ಚಿ ಒಂದೂ ತಪ್ಪಿಲ್ಲದೆ ಹೇಳಿದಳು. ಕೂಡುವ ಮೊದಲು, "ಟೀಚರ್, ನೀವೂ ಒಂದು ಖರೇ ವಾಕ್ಯ ಬರೀರಿ" ಎಂದಳು.

ನಾನು ಒಂದನ್ನು ತಯಾರು ಮಾಡಿಕೊಂಡಿದ್ದೆ. ಹತ್ತು ವರ್ಷದಿಂದ ಈ ಶಾಲೆಯಲ್ಲಿ ಕಲಿಸುತ್ತಿದ್ದೇನೆ ಎಂದು. ಹಲಗೆಯ ಕಡೆ ತಿರುಗಿದೆ. ಕೈ ಬೇರೆಯದನ್ನೇ ಬರೆಯಿತು.

ಐ ಹ್ಯಾವ್ ಬೀನ್ ಅಫ್ರೇಡ್ ಸಿನ್ಸ್ ಜುಲೈ.

ಜುಲೈಯಿಂದ ನನಗೆ ಹೆದರಿಕೆಯಾಗುತ್ತಲೇ ಇದೆ. ಅಳಿಸಬೇಕೆಂದು ಡಸ್ಟರ್ ಹುಡುಕಿದೆ. ಆದರೆ ನಮ್ಮ ಶಾಲೆಯ ಮಕ್ಕಳಿಗೆ ಒಂದು ರೂಢಿಯಿದೆ ಅಕ್ಕೋರೆ. ಹಲಗೆಯ ಮೇಲೆ ಏನು ಬಿದ್ದರೂ ಯಾರೂ ಹೇಳದೆ ಎಲ್ಲರೂ ಕೂಡಿ ಮೂರು ಸಲ ಗಟ್ಟಿಯಾಗಿ ಓದುತ್ತಾರೆ. ಮೊದಲ ಸಲ ಜೋರಾಗಿ, ಹಾಡಿನ ಹಾಗೆ ಓದಿದರು. ಎರಡನೆಯ ಸಲ ಓದುತ್ತ ಓದುತ್ತ ಒಬ್ಬೊಬ್ಬರಿಗೇ ಅರ್ಥವಾಗತೊಡಗಿ ದನಿ ಕೆಳಗಾಯಿತು. ಮೂರನೆಯ ಸಲ ಲಾಲಬಿ ಒಬ್ಬಳೇ ಓದಿದಳು, ಮೆಲ್ಲಗೆ, ನನಗಷ್ಟೇ ಕೇಳುವ ಹಾಗೆ.

ನಾನು ಹಲಗೆಗೆ ಮುಖ ಮಾಡಿಯೇ ನಿಂತಿದ್ದೆ. ಹಿಂದಿನಿಂದ ಯಾರೋ, "ಯಾಕ್ರಿ ಟೀಚರ್, ಏನಾಗೈತಿ?" ಎಂದರು. ತಿರುಗಿದೆ. "ನನಗ ಜಡ್ಡಾಗೈತಿ. ಸೋಮವಾರ ಆಪರೇಶನ್ ಐತಿ" ಎಂದೆ. "ಮತ್ತ ಯಾವಾಗ ಬರ್ತೀರಿ?" ಎಂದು ಲಾಲಬಿ ಕೇಳಿದಳು. ಗೊತ್ತಿಲ್ಲ ಎಂದೆ. ಗಂಟೆ ಹೊಡೆಯಿತು, ಒಂದು ಮಗುವೂ ಏಳಲಿಲ್ಲ. ಮಂಡಳಿಯವರು ಏನು ಬರೆದುಕೊಂಡರೋ ನಾನು ಕೇಳಿಲ್ಲ.

ನಾಳೆ ಬೆಳಿಗ್ಗೆ ಸೇರಿಸಿಕೊಳ್ಳುತ್ತಾರೆ. ಚೀಲ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ನಮ್ಮವರು ಅದನ್ನು ಸುಮ್ಮಸುಮ್ಮನೆ ಬಿಚ್ಚುತ್ತಾರೆ, ಮತ್ತೆ ಕಟ್ಟುತ್ತಾರೆ. ಈ ಪತ್ರ ನಿಮ್ಮ ಕೈ ಸೇರುವಷ್ಟರಲ್ಲಿ ಎಲ್ಲ ಆಗಿರುತ್ತದೆ. ನೀವು ಇದನ್ನು ಓದುವ ಹೊತ್ತಿಗೆ ನಾನು ಹೇಗಿರುತ್ತೇನೋ ಇವತ್ತು ಯಾರಿಗೂ ಗೊತ್ತಿಲ್ಲ.

ನನಗೆ ಬದುಕಬೇಕಾಗಿದೆ, ಅಕ್ಕೋರೆ.

ನಿಮ್ಮ,
ಉಮಾ